ಇಂಜಿನ್ನಿಗೆ ಹಚ್ಚಿದ ವಿಭೂತಿ

ನನ್ನ ತಮ್ಮನ ಕೈ ಕೆಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅವನು ದುರಸ್ತಿ ಮಾಡಿದ ಡೀಸೆಲ್ ಇಂಜಿನ್ನು ಬಾಗಲಕೋಟೆಯಲ್ಲಿ ನಾಲ್ಕು ಮಂದಿಯ ಮುಂದೆ ಹೊಗೆಯಾಡಿ ನಿಂತದ್ದು ನನ್ನಿಂದ. ಎರಡು ವರ್ಷ ಅವನು ತನ್ನ ಕೈಯನ್ನೇ ಬೈದುಕೊಂಡ. ನಾನು ಎದುರಿಗೇ ಕೂತು ರೊಟ್ಟಿ ಬಡಿದೆ, ನೂಲು ಸುತ್ತಿದೆ, ಅವನ ಬಟ್ಟೆ ಒಗೆದೆ. ಬಾಯಿ ಮಾತ್ರ ಬಿಡಲಿಲ್ಲ.

ಇಂಜಿನ್ನು ಅಂದರೆ ದೊಡ್ಡದಲ್ಲ, ಒಂದು ಗೇಣು ಉದ್ದ. ರೈಲ್ವೆಯ ಡೀಸೆಲ್ ಇಂಜಿನ್ನಿನ ನಮೂನೆ. ಬಣ್ಣ, ಕಿಟಕಿ, ಮೆಟ್ಟಿಲು, ಮುಂದಿನ ದೀಪ ಎಲ್ಲ ಖರೆ ಇಂಜಿನ್ನಿನ ಹಾಗೆಯೇ. ಒಳಗೆ ಮಾತ್ರ ಡೀಸೆಲ್ ಇಲ್ಲ, ಹೆಬ್ಬೆರಳಿನಷ್ಟು ಒಂದು ಮೋಟರಿದೆ. ಹಳಿಯಿಂದ ಗಾಲಿಗೆ ಕರೆಂಟು ಹತ್ತಿ, ಗಾಲಿಯಿಂದ ಮೋಟರಿಗೆ ಹೋಗಿ ಓಡುತ್ತದೆ. ವಯಸ್ಸಾದ ಗಂಡಸರು ಹುಚ್ಚು ಹಿಡಿದವರ ಹಾಗೆ ಇಟ್ಟುಕೊಳ್ಳುವ ಆಟಿಕೆ ಅಂತ ನಾನು ಮೊದಲು ನಕ್ಕಿದ್ದೆ.

ನಾನು ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವನು ಹುಟ್ಟಿದಾಗ ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಅವ್ವ ಇಳಕಲ್ಲಿನ ನೇಕಾರರ ಮನೆಗಳಿಗೆ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಅನ್ನುತ್ತೇವೆ. ಕೂಸನ್ನು ಯಾರಾದರೂ ಎತ್ತಿಕೊಳ್ಳಬೇಕಿತ್ತು, ನಾನು ಶಾಲೆ ಬಿಟ್ಟೆ. ಇವತ್ತಿಗೂ ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುವುದು ಅದಕ್ಕಿಂತ ನಿಧಾನ. ಅವನು ನಡೆಯಲು ಕಲಿತದ್ದು ನನ್ನ ಲಂಗದ ಅಂಚು ಹಿಡಿದು. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಇಷ್ಟು ಹತ್ತಿರದವಳು ಅಷ್ಟು ದಿನ ಸುಮ್ಮನಿದ್ದಳು ಅನ್ನುವುದು ತಿಳಿಯಲಿ ಅಂತ ಹೇಳುತ್ತಿದ್ದೇನೆ.

ನಾವು ಸಣ್ಣವರಿದ್ದಾಗ ಇಳಕಲ್ಲಿಗೂ ರೈಲಿರಲಿಲ್ಲ, ಹುನಗುಂದಕ್ಕೂ ಇರಲಿಲ್ಲ. ಅವನು ಮೊದಲ ಸಲ ರೈಲು ನೋಡಿದ್ದು ಬಾದಾಮಿಯಲ್ಲಿ, ಸೋದರಮಾವನ ಮನೆಗೆ ಹೋದಾಗ. ಆರು ವರ್ಷದ ಹುಡುಗ. ಡೀಸೆಲ್ ಇಂಜಿನ್ನು ಗುಡುಗುತ್ತ ಬಂದು ನಿಂತಾಗ ಉಳಿದ ಮಕ್ಕಳು ಕಿವಿ ಮುಚ್ಚಿಕೊಂಡರೆ ಇವನು ಅದರ ಗಾಲಿಯ ಹತ್ತಿರ ಬಗ್ಗಿ ನೋಡುತ್ತಿದ್ದ.

"ಅಕ್ಕಾ, ಇದರ ಒಳಗ ಏನ್ ಐತಿ?"

"ಬೆಂಕಿ ಐತಿ. ಹಿಂದಕ್ಕ ಬಾ."

ಮೇಲಿನಿಂದ ಚಾಲಕ ನಕ್ಕು, "ಬೆಂಕಿ ಅಲ್ಲ ತಂಗೀ, ಕರೆಂಟ್ ಐತಿ. ಡೀಸೆಲ್ ಕರೆಂಟ್ ಮಾಡತೈತಿ, ಕರೆಂಟ್ ಗಾಲಿ ತಿರಗಸತೈತಿ" ಅಂದ. ನನಗೆ ಅದು ಆ ಕಿವಿಯಿಂದ ಬಂದು ಈ ಕಿವಿಯಿಂದ ಹೋಯಿತು. ಇವನು ಮನೆಗೆ ಬರುವ ತನಕ ಅದನ್ನೇ ಹೇಳಿಕೊಳ್ಳುತ್ತ ಬಂದ.

ಹತ್ತನೇ ಇಯತ್ತೆ ಮುಗಿಸಿ ಹುನಗುಂದದ ಮೋಟರ್ ವೈಂಡಿಂಗ್ ಅಂಗಡಿ ಸೇರಿದ. ಸುಟ್ಟ ಪಂಪಿನ ಮೋಟರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನಾನು ನೂಲು ಸುತ್ತುತ್ತಿದ್ದೆ, ಅವನು ತಂತಿ ಸುತ್ತುತ್ತಿದ್ದ. ಹದಿನೈದು ವರ್ಷ ಹೀಗೆ ನಡೆಯಿತು. ಆಮೇಲೆ ಕೀಲುಗಳೆಲ್ಲ ಬಾತು ಹೋಗುವ ಆ ಜ್ವರ ಬಂತು. ಜ್ವರ ಇಳಿದರೂ ಬಲಗೈ ಮಣಿಕಟ್ಟು ಸಡಿಲಾಗಲಿಲ್ಲ, ಬೆರಳುಗಳಲ್ಲಿ ಒಂದು ನಡುಕ ಉಳಿಯಿತು. ಭಾರದ ಮೋಟರು ಎತ್ತಲು ಆಗದೆ ಅಂಗಡಿ ಬಿಟ್ಟ. ಅಷ್ಟೊತ್ತಿಗೆ ನನ್ನ ಯಜಮಾನರು ತೀರಿಕೊಂಡಿದ್ದರು. ಇಳಕಲ್ಲಿನ ನನ್ನ ಎರಡು ಖೋಲಿಯ ಮನೆಗೆ ಬಂದು ಇದ್ದುಬಿಟ್ಟ.

ಅವನನ್ನು ಎಬ್ಬಿಸಿ ಕೂರಿಸಿದವರು ಬಾಗಲಕೋಟೆಯ ನವನಗರದಲ್ಲಿದ್ದ ಒಬ್ಬ ಹಿರಿಯರು. ಡೀಸೆಲ್ ಇಂಜಿನ್ ಓಡಿಸಿ ನಿವೃತ್ತರಾದವರು. ಹಿಂದೊಮ್ಮೆ ಮನೆಯ ಪಂಪು ಸುತ್ತಿಸಲು ಹುನಗುಂದಕ್ಕೆ ಬಂದು, ತಮ್ಮನ ಜೊತೆ ಇಂಜಿನ್ನಿನ ಮಾತಾಡುತ್ತ ಚಹಾ ಆರಿಸಿಕೊಂಡು ಕೂತಿದ್ದರಂತೆ. ಕೈ ಹೋದ ಸುದ್ದಿ ಕೇಳಿ, ಓಡದೆ ನಿಂತಿದ್ದ ತಮ್ಮದೊಂದು ನಮೂನೆ ಇಂಜಿನ್ನು ಕಳಿಸಿದರು. "ದೊಡ್ಡ ಮೋಟರ್ ಎತ್ತಾಕ ಆಗೂದಿಲ್ಲಂದ್ರ ಸಣ್ಣದು ಎತ್ತು" ಅಂತ ಫೋನಿನಲ್ಲಿ ಹೇಳಿದರು. ತಮ್ಮ ಅವರನ್ನು ಕಾಕಾ ಅನ್ನುತ್ತಿದ್ದ, ನಾನೂ ಹಾಗೇ ಅಂದೆ.

ನಡುಗುವ ಕೈಯಲ್ಲಿ ಅಷ್ಟು ಸಣ್ಣ ಕೆಲಸ ಹೇಗೆ ಮಾಡುತ್ತಿದ್ದ ಅನ್ನುವುದು ನೋಡಿದರೇ ತಿಳಿಯಬೇಕು. ನನ್ನಿಂದ ಅಂಗೈ ಅಗಲದ ಒಂದು ಚೀಲ ಹೊಲಿಸಿಕೊಂಡು ಅದರಲ್ಲಿ ಜೋಳ ತುಂಬಿದ. ಮಣಿಕಟ್ಟನ್ನು ಆ ಜೋಳದ ಚೀಲದ ಮೇಲೆ ಊರಿ, ಉಸಿರು ಹಿಡಿದು, ಚಿಮುಟದಲ್ಲಿ ಸ್ಕ್ರೂ ಎತ್ತುತ್ತಿದ್ದ. ಸೂಜಿಗೆ ದಾರ ಪೋಣಿಸುವಾಗ ನಾವು ಉಸಿರು ಹಿಡಿಯುತ್ತೇವಲ್ಲ, ಹಾಗೆ. ಒಂದು ಸ್ಕ್ರೂಗೆ ಒಂದು ಉಸಿರು. ನಡುಕ ಬಂದರೆ ಕೈ ಎತ್ತಿ ಕಾಯುತ್ತಿದ್ದ, ಹೋದ ಮೇಲೆ ಮತ್ತೆ ಊರುತ್ತಿದ್ದ. ಅವಸರ ಅನ್ನುವುದೇ ಇರಲಿಲ್ಲ.

ಕಾಕಾನ ಇಂಜಿನ್ನು ಓಡಿತು. ಅವರ ಗೆಳೆಯರು ತಮ್ಮವನ್ನೂ ಕಳಿಸಿದರು, ಆಮೇಲೆ ದೂರದ ಊರುಗಳಿಂದ ಪಾರ್ಸೆಲ್ಲು ಬರತೊಡಗಿದವು. ಹಳೆಯ ಮೋಟರು ತೆಗೆದು ಬಿಸಿಯಾಗದ ಹೊಸದು ಕೂರಿಸುತ್ತಿದ್ದ. ಎರಡೇ ಗಾಲಿ ಕರೆಂಟು ಹಿಡಿಯುವ ಕಡೆ ಎಲ್ಲ ಗಾಲಿಯೂ ಹಿಡಿಯುವಂತೆ ತಾಮ್ರದ ಎಳೆ ಬೆಸೆಯುತ್ತಿದ್ದ, ಆಗ ಹಳಿಯ ಮೇಲೆ ಧೂಳಿದ್ದರೂ ಇಂಜಿನ್ನು ಮುಗ್ಗರಿಸುವುದಿಲ್ಲ. ಬಿರುಕು ಬಿಟ್ಟ ಪ್ಲಾಸ್ಟಿಕ್ ಹಲ್ಲುಗಾಲಿ ತೆಗೆದು ಹಿತ್ತಾಳೆಯದು ಹಾಕುತ್ತಿದ್ದ. ಹಿಂದಿನ ರೈಲು ಡಬ್ಬಿಗಳನ್ನು ಎಳೆಯಲು ಹಿಡಿತ ಬರಲಿ ಅಂತ ಹೊಟ್ಟೆಯಲ್ಲಿ ಸೀಸದ ತುಂಡು ಇಡುತ್ತಿದ್ದ. ನನ್ನ ಹಳೆಯ ಸೀರೆಯ ತುಂಡೇ ಅವನ ಟೇಬಲ್ಲಿನ ಹಾಸು. ಬಿದ್ದ ಸ್ಕ್ರೂ ಅದರ ಮೇಲೆ ಉರುಳುವುದಿಲ್ಲ.

"ಹೆಣ್ಣ ನೋಡಾಕ ಹೋಗೂಣು ಅಂದ್ರ ಬಾದಾಮಿ ಸ್ಟೇಷನ್ನಿಗೆ ಹೋಗ್ತಿ. ಇಂಜಿನ್ನಿಗೇ ತಾಳಿ ಕಟ್ಟಿಬಿಡು" ಅನ್ನುತ್ತಿದ್ದೆ.

"ಕಟ್ಟಾಕ ಕುತ್ತಿಗಿ ಎಲ್ಲೈತಿ ಅದಕ್ಕ?"

ಒಮ್ಮೆ ನಾನು ನೆರವಾಗಲು ಹೋಗಿ ಎಣ್ಣೆ ಹೆಚ್ಚು ಬಿಟ್ಟೆ. ಬಟ್ಟೆಯಿಂದ ಒರೆಸುತ್ತ, "ಇದು ಒಗ್ಗರಣಿ ಅಲ್ಲಕ್ಕಾ. ಸೂಜಿ ಮೊನಿಗೆ ಹತ್ತಿದಷ್ಟ ಸಾಕು. ಇನ್ ಮ್ಯಾಲೆ ನನ್ನ ಟೇಬಲ್ ಮುಟ್ಟಬ್ಯಾಡ, ನಾ ನಿನ್ನ ರೊಟ್ಟಿ ಕಲ್ಲು ಮುಟ್ಟಂಗಿಲ್ಲ" ಅಂದ. ಇಬ್ಬರೂ ನಕ್ಕೆವು.

ನಗುತ್ತಿದ್ದರೂ ಅವನಿಗೆ ಒಂದು ಹೆದರಿಕೆ ಇತ್ತು. ನಡುಕ ಒಂದು ದಿನ ಹೆಚ್ಚಾಗುತ್ತದೆ, ಜೋಳದ ಚೀಲವೂ ಸಾಲದಾಗುತ್ತದೆ ಅಂತ. ದಿನಾ ಮುಂಜಾನೆ ಎದ್ದ ಕೂಡಲೇ ಕೈ ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದ. ನೋಡದವಳಂತೆ ನಾನೂ ನೋಡುತ್ತಿದ್ದೆ.

ಬಾಗಲಕೋಟೆಯಲ್ಲಿ ಕಾಕಾ ಮತ್ತು ಮೂವರು ಗೆಳೆಯರು ಕೂಡಿ ಒಂದು ದೊಡ್ಡ ಖೋಲಿಯಲ್ಲಿ ಹಲಗೆಯ ಮೇಲೆ ಹಳಿ ಹಾಕಿದ್ದರು. ಗುಡ್ಡ, ಸ್ಟೇಷನ್ನು, ಸೇತುವೆ ಎಲ್ಲ ಮಾಡಿದ್ದರು. ಈಗ ನಮ್ಮ ಕಡೆಯ ಹಳಿಗೂ ಕರೆಂಟಿನ ತಂತಿ ಬಂದಿದೆ, ಡೀಸೆಲ್ ಇಂಜಿನ್ನು ಅಪರೂಪವಾಗಿದೆ. ತಾವು ಓಡಿಸಿದ್ದೆಲ್ಲ ಕಣ್ಣ ಮುಂದೆ ಇರಲಿ ಅಂತ ಕಾಕಾನ ಆಸೆ. ತಾವು ಬಹಳ ವರ್ಷ ಓಡಿಸಿದ ಇಂಜಿನ್ನಿನ ನಮೂನೆಯೊಂದನ್ನು ತಮ್ಮನ ಕೈಗೆ ಕೊಟ್ಟು, "ಇದನ್ನ ಹೊಸದಾಗಿ ಕಟ್ಟು. ದಸರೆ ಆದ ಮ್ಯಾಲೆ ಹತ್ತು ಡಬ್ಬಿ ಹಚ್ಚಿ ಒಂದು ತಾಸು ನಿಲ್ಲದಂಗ ಓಡ್ಸೂಣು. ಓಡಿದ್ರ ಈ ಖೋಲಿ ಒಳಗಿನ ಇಂಜಿನ್ನೆಲ್ಲಾ ನಿನ್ನ ತಾಬೇಕ, ನೀನ ನೋಡ್ಕೋಬೇಕು" ಅಂದರು. ತಮ್ಮನಿಗೆ ಅದು ಕೆಲಸಕ್ಕಿಂತ ಹೆಚ್ಚಿನದಾಗಿತ್ತು. ಒಂದು ತಾಸು ನಿಲ್ಲದೆ ಓಡಿದರೆ ತನ್ನ ಕೈ ಇನ್ನೂ ಇದೆ ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗಂತ ಬಾಯಿಬಿಟ್ಟು ಹೇಳಿದ್ದ ಕೂಡ.

ಮೂರು ತಿಂಗಳು ಆ ಇಂಜಿನ್ನಿನ ಮುಂದೆ ಕೂತ. ಬಾಗಲಕೋಟೆಯ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಹಲ್ಲುಗಾಲಿ ತಯಾರಾಯಿತು. ಮಂಚದ ಕೆಳಗೆ ದುಂಡಗೆ ಹಳಿ ಹಾಸಿ ದಿನಾ ಒಂದು ತಾಸು ಓಡಿಸಿದ. ಸದ್ದೇ ಇರಲಿಲ್ಲ. ಆಯುಧ ಪೂಜೆಗೆ ನಮ್ಮ ಕಡೆ ಖಂಡೇಪೂಜೆ ಅನ್ನುತ್ತೇವೆ; ಅದರ ಹಿಂದಿನ ದಿನ ಏನೋ ಅನುಮಾನ ಬಂದು ಮತ್ತೊಮ್ಮೆ ಬಿಚ್ಚಿದ, ಕಾಗದದಷ್ಟು ತೆಳುವಾದ ಒಂದು ವಾಷರ್ ಸೇರಿಸಿ ಮುಚ್ಚಿದ. ಆಗ ಕೈ ಒಂದು ಸಲ ನಡುಗಿತು. "ಥೂ" ಅಂದ. ಎರಡು ಸುತ್ತು ಓಡಿಸಿ ನೋಡಿ ಅದರ ರಟ್ಟಿನ ಡಬ್ಬಿಯಲ್ಲಿಟ್ಟ.

ಖಂಡೇಪೂಜೆಗೆ ಹುನಗುಂದದ ಅಂಗಡಿಯವರು ಹಳೆಯ ಕೆಲಸಗಾರರನ್ನೂ ಕರೆಯುತ್ತಾರೆ. ಅವನು ಮುಂಜಾನೆಯೇ ಹೊರಟ. ಬಾಗಿಲಲ್ಲಿ ನಿಂತು, "ಅಕ್ಕಾ, ನನ್ನ ಟೇಬಲ್ಲಿಗೆ ಒಂದ್ ಹೂ ಇಡು, ಸಾಕು. ಇಂಜಿನ್ ಡಬ್ಬಿ ತಗೀಬ್ಯಾಡ" ಅಂದ.

"ತಗಿಯಂಗಿಲ್ಲ ಹೋಗೋ ಮಾರಾಯಾ" ಅಂದೆ.

ನಾನು ನೂಲು ಸುತ್ತುವ ರಾಟಿ ತೊಳೆದೆ, ಕತ್ತರಿ, ಈಳಿಗೆ, ಹೊಲಿಗೆ ಮಷೀನು ಒರೆಸಿದೆ. ಎಲ್ಲಕ್ಕೂ ವಿಭೂತಿ ಎಳೆದು ಕುಂಕುಮ ಇಟ್ಟೆ. ಈಳಿಗೆಗೂ ವಿಭೂತಿ ಬಂತು. ನಾಡಿದ್ದು ಬಾಗಲಕೋಟೆಗೆ ಹೋಗಿ ಅವನ ಮಾನ ಕಾಯಬೇಕಾದ ಇಂಜಿನ್ನಿಗೆ ಮಾತ್ರ ಇಲ್ಲ. ಪರೀಕ್ಷೆಗೆ ಹೊರಟ ಮಗುವನ್ನು ಬೋಳು ಹಣೆಯಲ್ಲಿ ಕಳಿಸಿದ ಹಾಗೆ ಅನ್ನಿಸಿತು. ಡಬ್ಬಿ ತೆಗೆದೆ.

ಒದ್ದೆ ಬಟ್ಟೆಯಿಂದ ಒರೆಸಿದೆ. ವಿಭೂತಿ ಗಟ್ಟಿ ನೀರಲ್ಲಿ ತೇದು ಮೂರು ಬೆರಳಿಂದ ಅದರ ಮುಂಭಾಗಕ್ಕೆ ಎಳೆದೆ. ಗಾಡಿಗೆ ಪೂಜೆ ಮಾಡುವಾಗ ಗಾಲಿಗೆ ಹಚ್ಚುವುದಿಲ್ಲವೇ? ಮಗುಚಿ ಹಿಡಿದು ಗಾಲಿಗಳಿಗೂ ಹಚ್ಚಿದೆ, ಕುಂಕುಮ ಉದುರಿಸಿದೆ. ನೀರು ಹೆಚ್ಚಾಗಿ ಬೂದಿ ನೀರು ಸಂದಿಯೊಳಗೆ ಇಳಿಯಿತು. ಗಾಲಿ ತಿರುಗಿಸಿ ನೋಡಿದರೆ ತಿರುಗಲಿಲ್ಲ. ಆ ಗಾಲಿ ಮೋಟರಿನಿಂದ ಮಾತ್ರ ತಿರುಗುತ್ತದೆ, ಬೆರಳಿನಿಂದ ಎಂದೂ ತಿರುಗುವುದಿಲ್ಲ ಅಂತ ನನಗೆ ತಿಳಿದದ್ದು ಆಮೇಲೆ. ಆಗ, ನೀರು ಹೋಗಿ ಹಿಡಿದುಕೊಂಡಿತು ಅಂದುಕೊಂಡು ದೀಪದ ಪಕ್ಕದಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಬತ್ತಿಯಿಂದ ಗಾಲಿ ಗಾಲಿಗೂ ಬಿಟ್ಟೆ. ಸಂದಿಗೂ ಬಿಟ್ಟೆ. ತಿರುಗಲಿಲ್ಲ. ಮತ್ತಷ್ಟು ಬಿಟ್ಟೆ. ಆಮೇಲೆ ಅವನು ಬೈಯುತ್ತಾನೆ ಅಂತ ಹೆದರಿ ಹೊರಗಿನ ವಿಭೂತಿ, ಕುಂಕುಮ, ಎಣ್ಣೆ ಎಲ್ಲ ಒರೆಸಿ ಡಬ್ಬಿಯಲ್ಲಿಟ್ಟೆ.

ಹಿತ್ತಾಳೆಯ ಚರಿಗೆಯನ್ನು ಬೂದಿ ಹಚ್ಚಿ ತಿಕ್ಕುತ್ತ ಬೆಳೆದವಳು ನಾನು. ದಿನಾ ತಿಕ್ಕಿ ತಿಕ್ಕಿ ಅವ್ವನ ಚರಿಗೆಯ ಅಂಚು ಎಲೆಯಷ್ಟು ತೆಳುವಾಗಿತ್ತು. ಬೂದಿ ಹಿತ್ತಾಳೆಯನ್ನು ತಿನ್ನುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವನು ಬಂದ. ಪೂಜೆ ಮಾಡಿದ ಆಯುಧವನ್ನು ಆ ದಿನ ಮುಟ್ಟಬಾರದು. ಆ ಪದ್ಧತಿ ಅವನೂ ಪಾಲಿಸುತ್ತಿದ್ದ, ಡಬ್ಬಿ ತೆಗೆಯಲಿಲ್ಲ. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವುದರಲ್ಲೇ ಹೋಯಿತು. ಒಮ್ಮೆ ತೆಗೆದು ಓಡಿಸಿದ್ದರೆ ಅಲ್ಲೇ ತಿಳಿಯುತ್ತಿತ್ತು. ನಾನೇ ಹೇಳಬಹುದಿತ್ತು. ಬೈಸಿಕೊಂಡರೆ ಮುಗಿಯುತ್ತಿತ್ತು.

ಅದರ ಮರುದಿನ ಬಾಗಲಕೋಟೆಯಲ್ಲಿ ನಾನೂ ಇದ್ದೆ. ಹತ್ತು ಡಬ್ಬಿ ಹಚ್ಚಿದರು. ಕಾಕಾ ಮೇಜಿನ ತುದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಂಜಿನ್ನು ಮೊದಲು ಎರಡು ಸಲ ಮುಗ್ಗರಿಸಿತು. ತಮ್ಮ ಹಳಿ ಒರೆಸಿದ. ಆಮೇಲೆ ಓಡಿತು. ಕಾಕಾ ಮಗುವಿನಂತೆ ಬಾಯಿಂದ ಹಾರ್ನ್ ಹೊಡೆದರು. ಹತ್ತು ಮಿನಿಟಿನ ನಂತರ ಒಂದು ಸದ್ದು ಶುರುವಾಯಿತು, ಹಲ್ಲು ಕಡಿದ ಹಾಗೆ. ತಮ್ಮ ಬಗ್ಗಿ ಕಿವಿಗೊಟ್ಟ. ಸದ್ದು ಹೆಚ್ಚಾಯಿತು, ವೇಗ ಇಳಿಯಿತು, ಸೇತುವೆಯ ಮೇಲೆ ಬಂದು ಇಂಜಿನ್ನು ನಿಂತಿತು. ಕಿಟಕಿಯಿಂದ ಎಳೆಯಷ್ಟು ಹೊಗೆ ಬಂತು. ಸುಟ್ಟ ವಾರ್ನಿಷ್ ವಾಸನೆ.

ಅಲ್ಲೇ ಬಿಚ್ಚಲು ಹೋದ. ಜೋಳದ ಚೀಲ ತಂದಿರಲಿಲ್ಲ, ಎಲ್ಲರೂ ಸುತ್ತ ನಿಂತಿದ್ದರು. ಕೈ ಹಿಂದೆಂದೂ ಇಲ್ಲದಷ್ಟು ನಡುಗಿತು. ಸ್ಕ್ರೂ ಬಿತ್ತು. ಹುಡುಕಿ ಎತ್ತಿದ, ಮತ್ತೆ ಬಿತ್ತು.

ಗೆಳೆಯರಲ್ಲಿ ಒಬ್ಬರು ಮೆಲ್ಲಗೆ, "ಪಾಪ, ಕೈ ನೋಡ್ರಿ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ತಮ್ಮನಿಗೆ ಕೇಳಿಸಿತು. ಚಿಮುಟ ಕೆಳಗಿಟ್ಟ.

"ಮಷೀನ್ ಅಂದ ಮ್ಯಾಲೆ ಇದ್ದದ್ದೇ ಬಿಡಪಾ" ಅಂದರು ಕಾಕಾ. "ಮನಿಗೆ ಒಯ್ದು ನಿಧಾನ ನೋಡು."

ಅರ್ಧ ತೆರೆದಿದ್ದ ಇಂಜಿನ್ನನ್ನು ನಾನೇ ಡಬ್ಬಿಗೆ ಹಾಕಿದೆ. ಹಲ್ಲುಗಾಲಿಯ ಸಂದಿಯಲ್ಲಿ ಬೂದು ಬಣ್ಣದ ಕೆಸರು ಕಂಡಿತು, ಅದರಲ್ಲಿ ಕುಂಕುಮದ ಕೆಂಪು. ಅಲ್ಲಿ ನಾಲ್ಕು ಮಂದಿ ಇದ್ದರು, ಅವನಿದ್ದ. ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಬಸ್ಸಿನಲ್ಲಿ ಅವನು ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. ಹುನಗುಂದದ ಸ್ಟ್ಯಾಂಡಿನಲ್ಲಿ ಚಹಾ ತಂದುಕೊಟ್ಟೆ. ಕುಡಿಯಲಿಲ್ಲ. ಹೇಳಲೇಬೇಕು ಅಂತ ಬಾಯಿ ತೆರೆದೆ.

"ಚಹಾ ಆರತೈತಿ" ಅಂದೆ.

ಮನೆಗೆ ಬಂದ ಮೇಲೆ ಅವನು, "ವಾಷರ್ ಹಾಕುವಾಗ ಕೈ ನಡುಗಿತ್ತು. ಅಲ್ಲೇ ಹಲ್ಲು ವಾರೆ ಕುಂತಾವ. ನನ್ನ ಕೈ ಮುಗೀತಕ್ಕಾ. ನೀ ಒಬ್ಬಾಕಿ ಅದೀ ಅಂತ ಧೈರ್ಯ" ಅಂದ. ಆ ಕಡೆಯ ಮಾತು ಆಡದೆ ಇದ್ದಿದ್ದರೆ ಹೇಳುತ್ತಿದ್ದೆನೇನೋ. ನಾನೊಬ್ಬಳೇ ಧೈರ್ಯ ಅಂದವನಿಗೆ, ನಿನ್ನನ್ನು ಮುಳುಗಿಸಿದವಳೂ ನಾನೇ ಅಂತ ಹೇಳುವುದು ಹೇಗೆ? ಇದು ನೆವ. ನೆವ ಅಂತ ಆಗಲೂ ಗೊತ್ತಿತ್ತು.

ಮರುದಿನ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ಇಂಜಿನ್ನನ್ನು ಹಿತ್ತಲಿಗೆ ಒಯ್ದೆ. ಬೋಗುಣಿಯಲ್ಲಿ ಸೀಮೆಎಣ್ಣೆ ಸುರಿದು, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಗಾಲಿ, ಹಲ್ಲು, ಸಂದಿ ಎಲ್ಲ ತಿಕ್ಕಿ ತೊಳೆದೆ. ಬೂದುಗೆಂಪು ನೀರು ಇಳಿಯಿತು. ಗಟಾರಿಗೆ ಚೆಲ್ಲಿದೆ. ಒಂದು ವಾರದ ಮೇಲೆ ಅವನು ಎದ್ದು ಇಂಜಿನ್ನು ಬಿಚ್ಚಿ ನನ್ನನ್ನು ಕರೆದ.

"ನೋಡಿಲ್ಲಿ. ಒಂದ್ ಹರಳು ಧೂಳಿಲ್ಲ, ಹೊಲಸಿಲ್ಲ. ಆದ್ರೂ ಹಲ್ಲು ಸವದು ಹೋಗ್ಯಾವ. ಅಂದ್ರ ನಾನೇ ವಾರೆ ಕೂಡ್ಸೀನಿ. ಬ್ಯಾರೆ ಕಾರಣ ಇಲ್ಲ."

ಬೇರೆ ಕಾರಣವನ್ನು ನಾನು ಗಟಾರಿಗೆ ಚೆಲ್ಲಿದ್ದೆ.

ಅವನು ಕೆಲಸ ಬಿಟ್ಟ. ಬಂದ ಪಾರ್ಸೆಲ್ಲುಗಳನ್ನು ಬಿಚ್ಚದೆ ತಿರುಗಿ ಕಳಿಸಿದ. ಊಟಕ್ಕೆ ಚಮಚ ಹಿಡಿದ. ಅಂಗಿಯ ಗುಂಡಿ ಹಾಕುವುದನ್ನು ಬಿಟ್ಟು ಬನಿಯನ್ನಿನಲ್ಲೇ ಇರತೊಡಗಿದ. ಕರೆಂಟು ಹೋದರೆ ಫ್ಯೂಸ್ ಹಾಕಲು ಪಕ್ಕದ ಮನೆಯವರನ್ನು ಕರೆಯಲು ನನಗೇ ಹೇಳಿದ; ಹದಿನೈದು ವರ್ಷ ಮೋಟರು ಸುತ್ತಿದವನು. ಬಾಗಿಲಲ್ಲಿ ಕೂತು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುವುದೇ ಚಟವಾಯಿತು. ಒಂದು ದಿನ ಸುಮ್ಮನೆ ಕೇಳುವವನಂತೆ, "ಕೈ ಇಲ್ಲದಾಂವ ಯಾತಕ ಇರಬೇಕಕ್ಕಾ?" ಅಂದ. ಆವತ್ತಿನಿಂದ ಅವನೊಬ್ಬನನ್ನೇ ಬಿಟ್ಟು ನಾನು ಹೆಚ್ಚು ಹೊತ್ತು ಹೊರಗೆ ಹೋಗಲಿಲ್ಲ. ಕಂಡಿಕೆ ಸುತ್ತುವ ಕೆಲಸವನ್ನೂ ಮನೆಗೇ ತಂದೆ. ಸಂತೆಗೆ ಹೋದರೂ ಕಾಲು ಓಡುತ್ತ ಬರುತ್ತಿದ್ದವು. ಬಾಗಿಲ ಹತ್ತಿರ ಬಂದು ಅವನ ಕೆಮ್ಮು ಕೇಳಿಸಿದರೆ ಮಾತ್ರ ಉಸಿರು.

ಬಾಗಲಕೋಟೆಗೆ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಗದದ ಮೇಲೆ ಸುರುಳಿ ಬರೆಸಿದರು, ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ನೀರು ಸುರಿಸಿದರು. ನಡುಕ ಹೆಚ್ಚಾಗಿಲ್ಲ, ಹಿಂದಿನ ಹಾಗೆ ಕೆಲಸ ಮಾಡಬಹುದು ಅಂದರು. ಹೊರಗೆ ಬಂದು ಅವನು, "ಡಾಕ್ಟರ್ ನೀರ ನೋಡ್ಯಾರ, ಹಲ್ಲು ನೋಡಿಲ್ಲ" ಅಂದ.

ಬಾದಾಮಿಗೆ ಹೋಗಿ ಬನಶಂಕರಿಗೆ ಹರಕೆ ಹೊತ್ತೆ. ಅವನ ಕೈಗೆ ಶಕ್ತಿ ಕೊಡವ್ವಾ ಅಂತ ಬೇಡಿಕೊಂಡೆ. ಕೆಡದೇ ಇದ್ದ ಕೈಗೆ ಹರಕೆ! ದೇವಿಗೂ ಸುಳ್ಳು ಹೇಳಿ ಬಂದೆ.

ಆಮೇಲೆ ಇನ್ನೊಂದು ಹಂಚಿಕೆ ಹೂಡಿದೆ. ಸವೆದ ಹಲ್ಲುಗಾಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಾಗಲಕೋಟೆಯ ಲೇತ್ ಅಂಗಡಿಗೆ ಹೋದೆ. ಹೊಸದು ಮಾಡಿಸಿ, ಹೇಗಾದರೂ ಇಂಜಿನ್ನು ಓಡುವಂತಾದರೆ, ನಾನು ಏನೂ ಹೇಳದೆಯೇ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಲೇತಿನವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನಾ ಮಾಡಿದ್ದಲ್ರಿ ಅಕ್ಕಾರ. ನಿಮ್ಮ ತಮ್ಮ ಇಲ್ಲೇ ನಿಂತು ತನ್ನ ಕೈಲೇ ಮಾಡ್ಕೊಂಡ. ಇಷ್ಟ ಸಣ್ಣ ಹಲ್ಲು ನನಗ ಬರೂದಿಲ್ಲ. ಅಲ್ರಿ, ಇದರಾಗ ಏನ್ ಬಿದ್ದಿತ್ತು?"

"ಏನೂ ಇಲ್ಲಲ್ರಿ. ವಾರೆ ಕುಂತಿತ್ತಂತ."

"ಸುಳ್ಳ. ವಾರೆ ಕುಂತ್ರ ಒಂದ ಮಗ್ಗಲಾ ಸವೀತಿತ್ತು. ಇದು ಸುತ್ತೂ ಸರೀಕ ಸವದೈತಿ, ಯಾರೋ ಪುಡಿ ಹಚ್ಚಿ ತಿಕ್ಕಿದಂಗ. ಕೂಡ್ಸಿದಾವಂದು ತಪ್ಪಿಲ್ಲ, ಹೋಗಿ ಹೇಳ್ರಿ ಅವಗ."

ಹೋಗಿ ಹೇಳ್ರಿ ಅವಗ. ಆ ಮಾತು ಹೊತ್ತುಕೊಂಡು ಇಳಕಲ್ಲಿನ ತನಕ ಬಂದೆ. ಅವನು ಬಾಗಿಲಲ್ಲೇ ಕೂತಿದ್ದ. ಎಲ್ಲಿಗೆ ಹೋಗಿದ್ದಿ ಅಂದ. ನೂಲು ತರಾಕ ಅಂದೆ. ಕೈಯಲ್ಲಿ ನೂಲಿರಲಿಲ್ಲ. ಅವನು ಅದನ್ನೂ ಕೇಳಲಿಲ್ಲ, ಯಾವುದನ್ನೂ ಕೇಳುವ ಮನುಷ್ಯನಾಗಿ ಉಳಿದಿರಲಿಲ್ಲ. ಹಲ್ಲುಗಾಲಿಯನ್ನು ಅಕ್ಕಿ ಡಬ್ಬಿಯಲ್ಲಿ ಮುಚ್ಚಿಟ್ಟೆ. ಅದರ ನಂತರವೂ ಎಂಟು ತಿಂಗಳು ಹೋದವು. ದಿನಾ ಅಕ್ಕಿ ತೆಗೆಯುವಾಗ ಬೆರಳಿಗೆ ತಾಗುತ್ತಿತ್ತು.

ಹೋದ ಶ್ರಾವಣದಲ್ಲಿ ಒಂದು ಮುಂಜಾನೆ ಕಾಕಾನ ಫೋನು ಬಂತು. ನಾನು ಹಿಟ್ಟು ನಾದುತ್ತಿದ್ದೆ. ತಮ್ಮ ಫೋನನ್ನು ನೆಲದ ಮೇಲಿಟ್ಟು ಸ್ಪೀಕರಿಗೆ ಹಾಕಿದ. ಕೈಯಲ್ಲಿ ಹಿಡಿಯುವುದನ್ನೂ ಬಿಟ್ಟಿದ್ದ.

"ಏನಪಾ, ಸತ್ತೀಯೋ ಬದುಕೀಯೋ?" ಕಾಕಾನ ದನಿ ಬಹಳ ಇಳಿದಿತ್ತು. "ನನಗ ಒಂದು ಕಣ್ಣ ಪೂರಾ ಹೋಗೇತಿ. ಇನ್ನೊಂದು ಹೋಗೂದ್ರೊಳಗ ಆ ಇಂಜಿನ್ ಒಂದು ಸುತ್ತು ನೋಡಬೇಕು. ಡಬ್ಬಿ ಬ್ಯಾಡ. ಬರೇ ಇಂಜಿನ್."

"ಕಾಕಾ, ಬ್ಯಾರೆ ಯಾರಿಗರೆ ಕೊಡ್ರಿ. ನನ್ನ ಕೈಲೆ ಆಗೂದಿಲ್ಲ."

"ಬ್ಯಾರೆ ಯಾರದಾರೋ ಖೋಡಿ? ಎರಡು ವರ್ಷ ಆತು ಇದೇ ರಾಗ."

ತಮ್ಮ ಎರಡೂ ಕೈ ಜೋಡಿಸಿ ನೆಲದ ಮೇಲಿದ್ದ ಆ ಫೋನಿಗೆ ಮುಗಿದ. ಕಾಕಾಗೆ ಕಾಣುವುದಿಲ್ಲ, ಆದರೂ ಮುಗಿದ. "ನಿಮ್ಮ ಇಂಜಿನ್ ನಾನೇ ಕೊಂದೇನ್ರಿ ಕಾಕಾ. ಮೂರು ತಿಂಗಳು ಇಟ್ಟಕೊಂಡು ಮಂದಿ ಮುಂದ ನಿಮ್ಮ ಮಾನ ಕಳದೆ. ನಂದ ತಪ್ಪು. ಮಾಫ್ ಮಾಡ್ರಿ" ಅಂದ.

ನನ್ನ ತಪ್ಪಿಗೆ ಅವನು ಕೈಮುಗಿಯುವುದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ. ಅವನು ಫೋನು ಆರಿಸಲು ಬಗ್ಗಿದಾಗ ಹಿಟ್ಟಿನ ಕೈಯಿಂದಲೇ ಅವನ ಮಣಿಕಟ್ಟು ಹಿಡಿದೆ.

"ಇಡಬ್ಯಾಡ ಫೋನ. ಕಾಕಾನೂ ಕೇಳ್ಲಿ."

"ಏನಾತಕ್ಕಾ?"

"ನೀ ವಾರೆ ಕೂಡ್ಸಿದ್ದಿಲ್ಲ. ಖಂಡೇಪೂಜಿ ದಿನ ನೀ ಬ್ಯಾಡಂದ್ರೂ ನಾ ಡಬ್ಬಿ ತಗದೆ. ಗಾಲಿಗೆ ವಿಭೂತಿ ಹಚ್ಚಿದೆ, ಮ್ಯಾಲೆ ಕೊಬ್ಬರಿ ಎಣ್ಣಿ ಸುರದೆ. ಆ ಬೂದಿ ನಿನ್ನ ಹಲ್ಲು ತಿಂದ್ಹಾಕ್ತು. ಬಾಗಲಕೋಟ್ಯಾಗ ನಾ ನನ್ನ ಕಣ್ಣಾರೆ ನೋಡೀನಿ, ಮುಚ್ಚಳಾ ಮುಚ್ಚೀನಿ. ನೀ ಮಲಗಿದಾಗ ಸೀಮಿಎಣ್ಣ್ಯಾಗ ತೊಳದು ಗಟಾರಕ್ಕ ಚೆಲ್ಲೀನಿ. ಲೇತಿನಾಂವ ನಿಂದು ತಪ್ಪಿಲ್ಲಂತ ಹೇಳಿ ಎಂಟು ತಿಂಗಳಾತು, ಅದನ್ನೂ ನುಂಗಿ ಕುಂತೀನಿ. ನಿನ್ನ ಕೈಗೆ ಏನೂ ಆಗಿಲ್ಲ. ಅವತ್ತೂ ಆಗಿದ್ದಿಲ್ಲ."

ಫೋನಿನಲ್ಲಿ ಕಾಕಾ ಉಸಿರಾಡುವುದು ಕೇಳುತ್ತಿತ್ತು. ತಮ್ಮ ನನ್ನ ಮುಖ ನೋಡಲಿಲ್ಲ. ನಾನು ಹಿಡಿದಿದ್ದ ತನ್ನ ಮಣಿಕಟ್ಟನ್ನು ನೋಡುತ್ತಿದ್ದ. ಬಿಡಿಸಿಕೊಳ್ಳಲಿಲ್ಲ. ಅವನು ಬೈದರೂ ಸರಿ, ಹೊಡೆದರೂ ಸರಿ, ಎದ್ದು ಮನೆ ಬಿಟ್ಟು ಹೋದರೂ ಸರಿ, ಉಳಿದದ್ದನ್ನೂ ಹೇಳಿಬಿಡಬೇಕು ಅನ್ನಿಸಿತು.

"ತಪ್ಪ ನಂದೋ ತಮ್ಮಾ. ನೀ ಎರಡು ವರ್ಷ ಸಾಯಾಕತ್ತಿದ್ದಿ, ನಾ ಬೈಗುಳಕ್ಕ ಹೆದರಿ ನೋಡಕೋಂತ ಕುಂತೆ. ಅಕ್ಕ ಅನಿಸಿಕೊಳ್ಳಾಕ ಲಾಯಕ್ಕಿಲ್ಲ ನಾ. ಹೊಟ್ಟ್ಯಾಗ ಹಾಕ್ಕೊಳ್ಳೋ ನಮ್ಮಪ್ಪಾ, ತಪ್ಪಾತು."